ಹದಿನಾಲ್ಕನೆಯ ಪಿನ್ನು

ವ್ಯಾಲೆಂಟೈನ್ ಮತಾಯಸ್ ಹೋದ ತಿಂಗಳ ಮೂರನೆಯ ಗುರುವಾರ ಬೆಳಗ್ಗೆ ಹನ್ನೊಂದೂಕಾಲಿಗೆ, ದುಬೈನ ದೇರಾದಲ್ಲಿ ತಾನು ಇಪ್ಪತ್ತೆಂಟು ವರ್ಷ ದುಡಿದ ಅಂಗಡಿಯ ಬಾಗಿಲಲ್ಲಿ ಕುಸಿದು ತೀರಿಕೊಂಡ. ಹೃದಯಾಘಾತ ಎಂದು ಆಸ್ಪತ್ರೆಯವರು ಬರೆದುಕೊಟ್ಟರು. ವಯಸ್ಸು ಐವತ್ತೆಂಟು. ನಾಲ್ಕು ದಿನ ಬಿಟ್ಟು ದೇಹ ಮಂಗಳೂರಿನ ವಿಮಾನ ಹತ್ತಿತು. ಬೆಳ್ಮಣ್ಣಿನ ಇಗರ್ಜಿಯಲ್ಲಿ ಅಪ್ಪನ ಪಕ್ಕದಲ್ಲೇ ಮಣ್ಣಾಯಿತು.

ಅಂಗಡಿ ಬೇಟೆಯ ಮತ್ತು ಗುರಿಯಾಟದ ಸಾಮಾನಿನದು. ಮುಂದಿನ ಗಾಜಿನ ಕಪಾಟುಗಳಲ್ಲಿ ದುರ್ಬೀನು, ಬೂಟು, ಗಿಡುಗಕ್ಕೆ ತೊಡಿಸುವ ಚರ್ಮದ ಟೋಪಿ. ಹಿಂದಿನ ಕೋಣೆಯಲ್ಲಿ ವ್ಯಾಲೆಂಟೈನನ ಮೇಜು. ಪರವಾನಗಿ ಇದ್ದವರ ಬಂದೂಕುಗಳು ರಿಪೇರಿಗೆ ಬರುತ್ತಿದ್ದದ್ದು ಅಲ್ಲಿಗೆ. ಅವನ ಮೇಜಿನ ಮೇಲೆ ಎಣ್ಣೆಯ ಕಲೆ ಇರುತ್ತಿರಲಿಲ್ಲ. ಬಿಚ್ಚಿದ ಪ್ರತಿ ಭಾಗವನ್ನೂ ಬೆಣ್ಣೆಕಾಗದದಲ್ಲಿ ಸುತ್ತಿ, ಯಾರದು, ಯಾವತ್ತು ಬಿಚ್ಚಿದ್ದು ಎಂದು ಪೆನ್ಸಿಲಿನಲ್ಲಿ ಬರೆದು, ಬಿಸ್ಕತ್ತಿನ ಹಳೆಯ ಡಬ್ಬಿಯಲ್ಲಿ ಸಾಲಾಗಿ ಇಡುತ್ತಿದ್ದ. ಕಾರ್ಕಳದ ಒಂದು ಕೋವಿ ರಿಪೇರಿ ಅಂಗಡಿಯಲ್ಲಿ ಹದಿನೆಂಟನೆಯ ವಯಸ್ಸಿಗೆ ಕಲಿತ ಕೆಲಸ ಅದು. ಆದರೆ ಕೋವಿಯ ಮೇಲೆ ದಾರ ಕಟ್ಟುವುದನ್ನು ಕಲಿತದ್ದು ಅದಕ್ಕೂ ಮೊದಲು, ಪೊಲೀಸ್ ಸ್ಟೇಷನ್ನಿನಲ್ಲಿ.

ಅವನ ಅಪ್ಪನ ಹತ್ತಿರ ಹಂದಿ, ಮಂಗ ಓಡಿಸಲು ಪರವಾನಗಿಯ ಒಂಟಿ ನಳಿಗೆಯ ಕೋವಿ ಇತ್ತು. ಚುನಾವಣೆ ಬಂತೆಂದರೆ ಊರಿನ ಕೋವಿಗಳೆಲ್ಲ ಸ್ಟೇಷನ್ನಿಗೆ ಹೋಗಬೇಕು. ಅಪ್ಪ ಕೋವಿಯನ್ನು ಗೋಣಿಯಲ್ಲಿ ಸುತ್ತಿಕೊಂಡು ಹೋಗುವಾಗ ವ್ಯಾಲೆಂಟೈನ್ ಜೊತೆಗೆ ಹೋಗುತ್ತಿದ್ದ. ಅಲ್ಲಿ ಒಬ್ಬ ಪೇದೆ, ಗುಂಡು ಹಾರಿಸುವ ಮೊದಲು ಹಿಂದಕ್ಕೆ ಎಳೆಯುವ ಕುದುರೆಯ ಸುತ್ತ ಕೆಂಪು ದಾರ ಕಟ್ಟಿ, ನಂಬರಿನ ಚೀಟಿ ತೂಗಿಸಿ, ಗೋಡೆಗೆ ಒರಗಿಸುತ್ತಿದ್ದ. ದಾರ ಇರುವಷ್ಟು ದಿನ ಅದು ಕೋವಿಯಲ್ಲ, ಬರೀ ಕೋಲು. ಮತ ಎಣಿಕೆ ಮುಗಿದ ಮೇಲೆ ಆ ಪೇದೆಯೇ ದಾರ ಕತ್ತರಿಸಿ ಕೊಡಬೇಕು. ಮನೆಯವರು ಕತ್ತರಿಸುವ ಹಾಗಿಲ್ಲ. ಇದನ್ನು ವ್ಯಾಲೆಂಟೈನ್ ದುಬೈಗೆ ತಂದ.

ಇಲ್ಲಿನವರ ಮದುವೆಗಳಲ್ಲಿ ಗಂಡಸರು ಸಾಲಾಗಿ ನಿಂತು, ಬಂದೂಕನ್ನು ಕೈಯಲ್ಲಿ ಗಿರಗಿರನೆ ತಿರುಗಿಸಿ, ಆಕಾಶಕ್ಕೆ ಎಸೆದು ಹಿಡಿಯುವ ಕುಣಿತ ಉಂಟು. ಅದಕ್ಕೆ ಮರದ ಬಂದೂಕೇ ಸಾಕು. ಆದರೂ ಕೆಲವು ಹಳೆಯ ಮನೆತನದವರಿಗೆ ಅಜ್ಜನ ಬಂದೂಕೇ ಆಗಬೇಕು. ಅಂಥವರು ಅದನ್ನು ವ್ಯಾಲೆಂಟೈನನಿಗೆ ತಂದು ಕೊಡುತ್ತಿದ್ದರು. ತೋಟೆಯ ಹಿಂಬದಿಗೆ ಬಡಿದು ಅದನ್ನು ಸಿಡಿಸುವ ಸಣ್ಣ ಪಿನ್ನೊಂದು ಒಳಗಿರುತ್ತದೆ. ಅದನ್ನು ಅವನು ತೆಗೆದು ಡಬ್ಬಿಯಲ್ಲಿಟ್ಟು, ಕುದುರೆಯ ಸುತ್ತ ಮೂರು ಸುತ್ತು ಕೆಂಪು ದಾರ ಕಟ್ಟಿ ಬಂದೂಕನ್ನು ವಾಪಸು ಕೊಡುತ್ತಿದ್ದ. ಪಿನ್ನು ತಿರುಗಿ ಹಾಕುವುದಿದ್ದರೆ ಬಂದೂಕು ಮೇಜಿಗೆ ಬರಬೇಕು, ಹಾಕಿದ ಮೇಲೆ ತಾನೇ ದಾರ ಕತ್ತರಿಸಬೇಕು. ಯಾರೂ ಅವನಿಗೆ ಹೇಳಿಕೊಟ್ಟ ನಿಯಮವಲ್ಲ. ಆ ಪೇದೆಯ ನಿಯಮ.

ದಾರ ಬರುತ್ತಿದ್ದದ್ದು ಶುಕೂರನ ಅಂಗಡಿಯಿಂದ. ಶುಕೂರ್ ಉಳ್ಳಾಲದ ಬ್ಯಾರಿ. ಬರ್ ದುಬೈನಲ್ಲಿ ದಾರ, ಗುಂಡಿ, ಲೇಸ್ ಮಾರುವ ಅಂಗಡಿಯಲ್ಲಿ ಇದ್ದಾನೆ. ಇಬ್ಬರೂ ಹತ್ತೊಂಬತ್ತು ವರ್ಷ ಒಂದೇ ರೂಮಿನಲ್ಲಿದ್ದರು. "ಪೊರ್ಬುಗಳೇ, ನಿಮ್ಮ ಕೋವಿಗೆ ಲಂಗ ಹೊಲಿಯುದಾ?" ಎಂದು ಶುಕೂರ್, ಊರಿನಲ್ಲಿ ಕ್ರೈಸ್ತರನ್ನು ಕರೆಯುವ ಹಾಗೆ ಕರೆದು, ರೀಲು ಕೊಡುವಾಗಲೆಲ್ಲ ಕೇಳುತ್ತಿದ್ದ. "ನಿನ್ನ ಬಾಯಿಗೆ ಮೂರು ಸುತ್ತು ಕಟ್ಲಿಕ್ಕೆ ಬ್ಯಾರಿ, ಉದ್ದ ಜಾಸ್ತಿ ಕೊಡು" ಎಂದು ವ್ಯಾಲೆಂಟೈನ್ ಉತ್ತರಿಸುತ್ತಿದ್ದ.

ದಾರದ ಅರ್ಥ ಚೆನ್ನಾಗಿ ಗೊತ್ತಿದ್ದ ಗಿರಾಕಿ ಮತ್ತರ್ ಎಂಬಾತ. ನಲವತ್ತು ದಾಟಿದ ಆಳು, ಕುಣಿತದಲ್ಲಿ ಎತ್ತಿದ ಕೈ. ಅಬುಧಾಬಿಯ ಕಡೆಯವನು. ಅಣ್ಣ ಹುಮೈದ್ ಮನೆಯ ಯಜಮಾನ. ಬಂದೂಕು ಅವರ ತಂದೆಯದು. ರಿಪೇರಿಗೆ ತರುವುದು, ಒಯ್ಯುವುದು ಮತ್ತರನ ಕೆಲಸ. ಪ್ರತಿ ಸಲವೂ ಅವನು ಮೊದಲು ತೋರುಬೆರಳಿನಿಂದ ದಾರವನ್ನು ಎತ್ತಿ ನೋಡುತ್ತಿದ್ದ. "ನಾಯ್ಮ" ಎನ್ನುತ್ತಿದ್ದ. ಅರಬಿಯಲ್ಲಿ ಬಂದೂಕು ಹೆಣ್ಣು, ಮಲಗಿದ್ದಾಳೆ ಎಂದು ಅರ್ಥ. ಆಮೇಲೆ ನಕ್ಕು, ಆ ಇಕ್ಕಟ್ಟಿನ ಕೋಣೆಯಲ್ಲೇ ಬಂದೂಕನ್ನು ಒಮ್ಮೆ ಬೆರಳ ಮೇಲೆ ತಿರುಗಿಸುತ್ತಿದ್ದ. ವ್ಯಾಲೆಂಟೈನ್ ಟ್ಯೂಬ್‌ಲೈಟಿಗೆ ಕೈ ಅಡ್ಡ ಹಿಡಿಯುತ್ತಿದ್ದ.

ಒಂಬತ್ತು ವರ್ಷದ ಹಿಂದಿನ ಒಂದು ಶುಕ್ರವಾರ. ಆಗ ಇಲ್ಲಿ ವಾರದ ರಜೆ ಶುಕ್ರವಾರವಿತ್ತು. ಇಗರ್ಜಿಯಲ್ಲಿ ಕೊಂಕಣಿ ಪೂಜೆಯೂ ಅಂದೇ. ವ್ಯಾಲೆಂಟೈನ್ ಹಾಡುವವರ ಗುಂಪಿನಲ್ಲಿದ್ದ. ಅಂಗಡಿಯನ್ನು ಎರಡು ಗಂಟೆ ಮಾತ್ರ ತೆರೆದು, ಶಟರು ಅರ್ಧ ಎಳೆದು, ಇಸ್ತ್ರಿ ಮಾಡಿದ ಅಂಗಿಯಲ್ಲಿ ಹೊರಡುವ ಹೊತ್ತಿಗೆ ಹೊರಗೆ ಹಾರ್ನ್ ಕೇಳಿಸಿತು.

ಈ ಊರಿನಲ್ಲಿ ಗಿರಾಕಿ ಕಾರಿನಿಂದ ಇಳಿಯುವುದಿಲ್ಲ. ಚಹಾ ಬೇಕೇ, ಜ್ಯೂಸ್ ಬೇಕೇ, ಔಷಧಿ ಬೇಕೇ, ಅಂಗಡಿಯ ಎದುರು ಕಾರು ನಿಲ್ಲಿಸಿ ಹಾರ್ನ್ ಹೊಡೆದರಾಯಿತು, ಒಳಗಿನವನು ಓಡಿ ಬಂದು ಕಿಟಕಿಯಲ್ಲಿ ಕೊಡಬೇಕು. ವ್ಯಾಲೆಂಟೈನನೂ ಓಡಿದ. ಕಾರಿನಲ್ಲಿ ಹುಮೈದ್ ಇದ್ದ. ಮುಂದಿನ ವಾರ ಮಗಳ ಮದುವೆ. ಅಪ್ಪನ ಬಂದೂಕಿನಿಂದ ಎರಡು ಗುಂಡು ಹಾರಿಸಬೇಕು, ಹಳೆಯ ಕಾಲದ ಹಾಗೆ. ಪಿನ್ನು ಕೊಡು, ನಾನೇ ಹಾಕಿಕೊಳ್ಳುತ್ತೇನೆ.

"ಬಂದೂಕು ತನ್ನಿ ಅರ್ಬಾಬ್" ಎಂದ ವ್ಯಾಲೆಂಟೈನ್.

"ಬಂದೂಕು ಮನೆಯಲ್ಲಿದೆ. ಇನ್ನೂರು ಕಿಲೋಮೀಟರ್. ಯಲ್ಲಾ, ವ್ಯಾಲಿ, ಕೊಡು."

ಪೂಜೆಗೆ ಇಪ್ಪತ್ತು ನಿಮಿಷ ಇತ್ತು. ವ್ಯಾಲೆಂಟೈನ್ ಒಳಗೆ ಹೋಗಿ, ಡಬ್ಬಿಯಿಂದ ಬೆಣ್ಣೆಕಾಗದದ ಪೊಟ್ಟಣ ತಂದು, ಕಿಟಕಿಯಲ್ಲಿ ಚಾಚಿದ ಅಂಗೈ ಮೇಲಿಟ್ಟ. ಬಿಲ್ಲಿಲ್ಲ, ಚೀಟಿಯಿಲ್ಲ. ಬಿಡಿಭಾಗಕ್ಕೆ ಆಗ ಯಾರೂ ಲೆಕ್ಕ ಕೇಳುತ್ತಿರಲಿಲ್ಲ. ದಾರದ ವಿಷಯ ಅವನಿಗೆ ನೆನಪಾದದ್ದು ಇಗರ್ಜಿಯಲ್ಲಿ, ಎರಡನೆಯ ಹಾಡಿನ ನಡುವೆ. ಹುಮೈದನಿಗೆ ದಾರದ ಅರ್ಥ ಹೇಳಿರಲಿಲ್ಲ. ನಾಳೆ ಫೋನ್ ಮಾಡಿದರಾಯಿತು ಎಂದುಕೊಂಡ. ಶನಿವಾರ ಅಂಗಡಿಯಲ್ಲಿ ಗಿರಾಕಿ ಹೆಚ್ಚಿದ್ದರು. ಭಾನುವಾರ ಅದು ಮರೆತೇ ಹೋಯಿತು.

ಮದುವೆಯ ಸಂಜೆ ಹುಮೈದ್ ಬಂದೂಕಿಗೆ ಪಿನ್ನು ಹಾಕಿ, ತೋಟೆ ತುಂಬಿಸಿ, ಡೇರೆಯ ಕಂಬಕ್ಕೆ ಒರಗಿಸಿ, ನೆಂಟರನ್ನು ಬರಮಾಡಿಕೊಳ್ಳಲು ಹೋಗಿದ್ದ. ದಾರ ಇದ್ದಲ್ಲೇ ಇತ್ತು. ಮತ್ತರ್ ಬಂದ, ಬಂದೂಕು ಎತ್ತಿಕೊಂಡ, ಕುಣಿತದ ಸಾಲು ಸೇರಿದ. ಮೂರನೆಯ ಸಲ ಮೇಲಕ್ಕೆ ಎಸೆದದ್ದು ಕೈತಪ್ಪಿ ಕೆಳಗೆ ಬಿದ್ದು ಸಿಡಿಯಿತು. ಮತ್ತರ್ ಅಲ್ಲೇ ಸತ್ತ.

ಹುಮೈದ್ ಪೊಲೀಸರಿಗೆ, ಪಿನ್ನು ಮೊದಲಿನಿಂದಲೂ ಮನೆಯಲ್ಲೇ ಇತ್ತು ಎಂದು ಹೇಳಿದ. ಅಂಗಡಿಯ ಹೆಸರು ಎಲ್ಲೂ ಬರಲಿಲ್ಲ. ಕೋರ್ಟಿನ ಶಿಕ್ಷೆಯನ್ನು ಅವನೊಬ್ಬನೇ ಅನುಭವಿಸಿದ, ಬಂದೂಕು ಸರಕಾರದ ಪಾಲಾಯಿತು. ವ್ಯಾಲೆಂಟೈನ್ ಸಾವಿನ ಮನೆಗೆ ಹೋಗಲಿಲ್ಲ. ಹೋಗುವ ಧೈರ್ಯ ಇರಲಿಲ್ಲ.

ಅಲ್ಲಿಂದ ಮುಂದೆ ಅವನು ಶುಕೂರನ ಅಂಗಡಿಯ ಒಳಗೆ ಕಾಲಿಡಲಿಲ್ಲ. ಹೊರಗೆ ನಿಂತು ಕರೆಯುತ್ತಿದ್ದ. ಬರ್ ದುಬೈನ ದೇವಸ್ಥಾನದ ಗಲ್ಲಿಯಲ್ಲಿ ಹೂವಿನ ಬುಟ್ಟಿಗಳ ಪಕ್ಕ ಕೈಗೆ ಕಟ್ಟುವ ಕೆಂಪು ದಾರಗಳು ಗೊಂಚಲಾಗಿ ತೂಗುತ್ತವೆ. ಅಬ್ರ ದೋಣಿಯ ಕಟ್ಟೆಗೆ ಅದೇ ಹತ್ತಿರದ ದಾರಿ. ಅವನು ಮಾತ್ರ ಬಿಸಿಲಲ್ಲಿ ಸುತ್ತು ಹಾಕಿ ಹೋಗುತ್ತಿದ್ದ. ದೋಣಿಯಲ್ಲಿ ಬಿಳಿ ಉಡುಪಿನ ಯಾರಾದರೂ ಕೆಳಗೆ ಬಗ್ಗಿ ಬೆರಳಿನಿಂದ ಏನನ್ನಾದರೂ ಎತ್ತಿ ನೋಡಿದರೆ ಇವನು ನೀರಿನ ಕಡೆಗೆ ಮುಖ ತಿರುಗಿಸುತ್ತಿದ್ದ. ಮಧ್ಯಾಹ್ನ ಅಂಗಡಿ ಖಾಲಿ ಇರುವಾಗ, ಎಸಿಯ ಸದ್ದಿನ ಒಳಗಿನಿಂದ ಯಾರೋ ಮೆಲ್ಲಗೆ "ನಾಯ್ಮ" ಎಂದ ಹಾಗೆ ಆಗಿ, ಎದ್ದು ಮುಂದಿನ ಕೋಣೆಗೆ ಬಂದು ನೋಡುತ್ತಿದ್ದ. ಹಿಂದೆ ಕಟ್ಟಿದ್ದ ದಾರಗಳನ್ನೆಲ್ಲ ಒಂದೊಂದಾಗಿ ತೆಗೆಸಿದ. ಹಾಡುವುದನ್ನೂ ಬಿಟ್ಟ. ಪಾದ್ರಿಗಳ ಹತ್ತಿರ ತಪ್ಪೊಪ್ಪಿಗೆ ಮಾಡಿಕೊಂಡ. ದೇವರು ಕ್ಷಮಿಸಿದ್ದಾನೆ ಎಂದು ಅವರು ಹೇಳಿದರು. ಆದರೆ ಆ ಪದ ಕೇಳಿಸುವುದು ನಿಲ್ಲಲಿಲ್ಲ.

ಈ ವರ್ಷ ಹೊಸ ನಿಯಮ ಬಂತು. ಇಡೀ ಬಂದೂಕಿಗೆ ಇದ್ದ ಕಟ್ಟುಪಾಡು ಇನ್ನು ಬಿಡಿಭಾಗಕ್ಕೂ. ನಳಿಗೆಯಾಗಲಿ ಪಿನ್ನಾಗಲಿ, ಕೊಳ್ಳುವವನ ಪರವಾನಗಿ ನೋಡಿ, ಅಂಗಡಿಯ ಒಳಗೇ, ಸಹಿ ಹಾಕಿಸಿಕೊಂಡು ಕೊಡಬೇಕು. ಅದಕ್ಕೂ ಮೊದಲು ಅಂಗಡಿಯಲ್ಲಿರುವ, ಅಂಗಡಿಯಿಂದ ಹೋದ ಹಳೆಯ ಭಾಗಗಳ ಪಟ್ಟಿಯನ್ನು ಮೂರು ತಿಂಗಳೊಳಗೆ ಒಪ್ಪಿಸಬೇಕು: ಯಾವ ಭಾಗ, ಎಲ್ಲಿಂದ ಬಂತು, ಈಗ ಎಲ್ಲಿದೆ, ಯಾರ ಕೈಗೆ ಹೋಯಿತು.

ವ್ಯಾಲೆಂಟೈನ್ ಆ ಹೊತ್ತಿಗೆ ಊರಿಗೆ ಹೊರಟು ನಿಂತಿದ್ದ. ವೀಸಾ ರದ್ದು ಮಾಡಿಸಲು ಕಾಗದ ಕೊಟ್ಟಾಗಿತ್ತು, ಟಿಕೆಟ್ ಆಗಿತ್ತು. ಬೆಳ್ಮಣ್ಣಿನಲ್ಲಿ ಹೆಂಡತಿ ಲೂರ್ದ್ ಮನೆಗೆ ಬಣ್ಣ ಹೊಡೆಸಿದ್ದಳು. ಪಟ್ಟಿ ಮಾಡುವುದು ಅವನ ಕೊನೆಯ ಕೆಲಸ.

ಬಿಸ್ಕತ್ತಿನ ಡಬ್ಬಿ ತೆರೆದ. ಕುಣಿತದ ಬಂದೂಕುಗಳ ಪಿನ್ನುಗಳು ಅವನ ಪುಸ್ತಕದ ಪ್ರಕಾರ ಹದಿನಾಲ್ಕು. ಡಬ್ಬಿಯಲ್ಲಿ ಹದಿಮೂರು. ಎಣಿಸುವ ಅಗತ್ಯವೇ ಇರಲಿಲ್ಲ.

ಅಂಗಡಿಯ ಮ್ಯಾನೇಜರ್ ಫೈಝಲ್, ಕಾಪುವಿನವನು, ಕಂಪ್ಯೂಟರಿನ ಮುಂದೆ ಕೂತಿದ್ದ. ಇವನ ಪಟ್ಟಿ ನೋಡಿ, "ಅಂಕಲ್, ಇದೊಂದು ಖಾಲಿ ಬಿಟ್ಟಿದ್ದೀರಲ್ಲ, ಹದಿನಾಲ್ಕನೇದ್ದು?" ಎಂದ.

"ಕೊಟ್ಟದ್ದು ಅದು, ಒಂಬತ್ತು ವರ್ಷದ ಹಿಂದೆ."

"ಯಾರಿಗೆ? ಬಿಲ್ ಉಂಟಾ?"

"ಇಲ್ಲ."

"ಹಾಗಾದ್ರೆ ತುಕ್ಕು ಹಿಡಿದು ಬಿಸಾಡಿದ್ದು ಅಂತ ಹಾಕಿ. ಖಲಾಸ್. ಒಂಬತ್ತು ವರ್ಷದ ಹಿಂದಿನ ಮೊಳೆ ಯಾರು ಹುಡುಕ್ತಾರೆ ಮಾರ್ರೆ?"

ವ್ಯಾಲೆಂಟೈನ್ ಡಬ್ಬಿಯ ಮುಚ್ಚಳ ಹಾಕಿದ. ಆಮೇಲೆ ಯಾರ ಕೈಗೆ ಹೋಯಿತು ಎಂದು ಹೇಳಿದ. ಎಲ್ಲವನ್ನೂ ಹೇಳಿದ. ಫೈಝಲ್ ಎದ್ದು ಕೋಣೆಯ ಬಾಗಿಲು ಮುಚ್ಚಿ ಬಂದ.

"ಅಂಕಲ್, ಕೇಳಿ. ಇದು ಬರೆದ್ರೆ ನಿಮ್ಮನ್ನು ವಿಚಾರಣೆಗೆ ಕರೀತಾರೆ. ಅದು ಮುಗಿಯುವವರೆಗೆ ನೀವು ದೇಶ ಬಿಡುವ ಹಾಗಿಲ್ಲ. ಒಂದು ತಿಂಗಳೋ, ಒಂದು ವರ್ಷವೋ, ಯಾರಿಗೆ ಗೊತ್ತು? ಆ ಮನುಷ್ಯ ಪೊಲೀಸಿಗೆ ಸುಳ್ಳು ಹೇಳಿ ನಿಮ್ಮನ್ನು ಉಳಿಸಿದ್ದು. ಈಗ ಅವನೂ ಸುಳ್ಳ ಆಗ್ತಾನೆ. ಯಾರಿಗೆ ಪ್ರಯೋಜನ?"

ಅದೇ ಪ್ರಶ್ನೆಯನ್ನು ವ್ಯಾಲೆಂಟೈನ್ ಸಂಜೆ ದೋಣಿಯ ಕಟ್ಟೆಯಲ್ಲಿ ಶುಕೂರನಿಗೆ ಕೇಳಿದ. ಮತ್ತರ್ ಸತ್ತ ಮೇಲಿನ ಒಂಬತ್ತು ವರ್ಷವೂ ಒಂದೇ ರೂಮಿನಲ್ಲಿದ್ದರೂ ಶುಕೂರ್ ಈ ಕಥೆ ಕೇಳಿದ್ದು ಅಂದೇ.

"ನನ್ನ ದಾರ" ಎಂದ ಶುಕೂರ್.

"ದಾರದ್ದು ತಪ್ಪಲ್ಲ."

"ನೀವು ನನ್ನ ಅಂಗಡಿಗೆ ಬಾರದ್ದು ಯಾಕೆ ಅಂತ ನಾನು ಎಂತೆಂತ ಗ್ರಹಿಸಿದೆ ಗೊತ್ತುಂಟಾ? ಬ್ಯಾರಿಯ ಅಂಗಡಿ ಸಣ್ಣದಾಯ್ತಾ ಇವರಿಗೆ ಅಂತ." ಅವನು ಮೂಗು ಒರೆಸಿಕೊಂಡ. "ಆ ಅಣ್ಣನಿಗೆ ಗೊತ್ತುಂಟಾ? ದಾರ ಅಂದ್ರೆ ಎಂತ ಅಂತ?"

"ಇಲ್ಲ."

"ಮತ್ತೆ ತಮ್ಮ ನೋಡದೆ ಎತ್ತಿದ ಅಂತಲೇ ಗ್ರಹಿಸಿ ಕೂತಿರ್ಬೇಕು ಅವನು, ಇಷ್ಟು ವರ್ಷ."

ವ್ಯಾಲೆಂಟೈನ್ ತಲೆಯೆತ್ತಿದ. ಇಷ್ಟು ವರ್ಷ ಅವನು ತನ್ನ ಒಳಗೆ ಮತ್ತರನ ಸಾವನ್ನು ಮಾತ್ರ ಹೊತ್ತು ತಿರುಗಿದ್ದ. ಸತ್ತವನ ಹೆಸರಿಗೆ ಏನಾಗಿರಬಹುದು ಎಂದು ಯೋಚಿಸಿರಲಿಲ್ಲ.

ಶನಿವಾರ ಇಬ್ಬರೂ ಶುಕೂರನ ಹಳೆಯ ಕಾರಿನಲ್ಲಿ ಹೊರಟರು. ಅಬುಧಾಬಿ ದಾಟಿ, ರುವೈಸಿನ ಹೆದ್ದಾರಿ ಹಿಡಿದು, ಎಡಕ್ಕೆ ಮರಳಿನ ನಡುವಿನ ರಸ್ತೆ. ದಾರಿಯುದ್ದಕ್ಕೂ ಶುಕೂರ್ ಒಂದು ತಮಾಷೆಯನ್ನೂ ಮಾಡಲಿಲ್ಲ. ಮನೆಯ ಗೇಟಿನ ಹೊರಗೆ ಕಾರು ನಿಲ್ಲಿಸಿ, "ಹಾರ್ನ್ ಹೊಡೀಲಾ?" ಎಂದು ಕೇಳಿದ. "ಬೇಡ" ಎಂದು ವ್ಯಾಲೆಂಟೈನ್ ಇಳಿದು ನಡೆದ.

ಹುಮೈದ್ ಮುದುಕನಾಗಿದ್ದ. ಮಜ್ಲಿಸಿನಲ್ಲಿ, ನೆಂಟರ ಕೋಣೆಯ ಜಮಖಾನದ ಮೇಲೆ ಕೂರಿಸಿ, ಹೂಜಿಯಿಂದ ತಾನೇ ಕಹ್ವಾ ಕಾಫಿ ಬಗ್ಗಿಸಿ ಕೊಟ್ಟ. ಗುರುತು ಹಿಡಿದಿದ್ದ. "ವ್ಯಾಲಿ, ನೀನು ಮುದುಕನಾದೆ" ಎಂದ, ಅರಬಿ ಹಿಂದಿ ಬೆರೆತ ಅಂಗಡಿ ಭಾಷೆಯಲ್ಲಿ. ವ್ಯಾಲೆಂಟೈನ್ ಅದೇ ಭಾಷೆಯಲ್ಲಿ ಹೇಳಬೇಕಾದ್ದನ್ನು ಹೇಳಿದ. ಹೊಸ ನಿಯಮ, ಪಟ್ಟಿ, ಹದಿನಾಲ್ಕನೆಯ ಸಾಲು. ಆಮೇಲೆ ದಾರ.

"ಯಾವ ದಾರ?"

"ಕೆಂಪು. ಕುದುರೆಯ ಸುತ್ತ ಮೂರು ಸುತ್ತು. ಅದು ಇದ್ದರೆ ಪಿನ್ನು ಇಲ್ಲ ಎಂದು ಅರ್ಥ. ಮತ್ತರನಿಗೆ ಗೊತ್ತಿತ್ತು. ನಿಮಗೆ ನಾನು ಹೇಳಲಿಲ್ಲ. ಹೇಳಬೇಕಿತ್ತು."

ಹುಮೈದ್ ತನ್ನ ಬಟ್ಟಲನ್ನು ಕೆಳಗಿಟ್ಟ. "ನಾನು ನೋಡಿದ್ದೆ. ಅಲಂಕಾರಕ್ಕೆ ಮತ್ತರನೇ ಕಟ್ಟಿಕೊಂಡದ್ದು ಎಂದುಕೊಂಡು ಹಾಗೇ ಬಿಟ್ಟೆ."

"ಅವನು ಎತ್ತಿಕೊಳ್ಳುವ ಮೊದಲು ಅದನ್ನು ನೋಡಿರುತ್ತಾನೆ. ಬೆರಳಿನಿಂದ ಎತ್ತಿ ನೋಡುತ್ತಿದ್ದ. ಪ್ರತಿ ಸಲ."

ಮನೆಯೊಳಗೆ ಎಲ್ಲೋ ಮಕ್ಕಳ ಸದ್ದು ಕೇಳಿ ನಿಂತಿತು. ಹುಮೈದ್ ಮಾತಾಡಿದಾಗ ಅವನ ಸ್ವರ ಇವನನ್ನು ಉದ್ದೇಶಿಸಿದ್ದಾಗಿರಲಿಲ್ಲ. "ಬಂದೂಕು ಬಲ್ಲವನು ಪರೀಕ್ಷಿಸದೆ ಎಸೆಯುತ್ತಾನೆಯೇ ಎಂದು ಊರಿಡೀ ಹೇಳಿತು. ಅವನ ಹೆಂಡತಿ ಹೇಳಿದಳು. ನಾನೂ ಹೇಳಿದೆ. ಅವನ ಗೋರಿಯ ಹತ್ತಿರ ನಿಂತು ಬೈದೆ." ಬಟ್ಟಲನ್ನು ಆಚೆ ಸರಿಸಿ, "ನೋಡಿಯೇ ಎತ್ತಿಕೊಂಡ" ಎಂದ.

ವ್ಯಾಲೆಂಟೈನ್ ಕ್ಷಮೆ ಕೇಳಿದ. ಹುಮೈದ್ "ಬರೆ" ಎಂದಷ್ಟೇ ಹೇಳಿದ. "ನನ್ನ ಹೆಸರು ಪೂರ್ತಿಯಾಗಿ ಬರೆ. ಕೇಳಿದರೆ ಸುಳ್ಳು ಹೇಳಿದ್ದೆ ಎಂದು ನಾನೂ ಹೇಳುತ್ತೇನೆ. ಆದರೆ ದಾರದ ವಿಷಯವನ್ನೂ ಬರೆ. ಅದು ಸರಕಾರದ ಕಾಗದದಲ್ಲಿ ಇರಲಿ."

ಬಟ್ಟಲಲ್ಲಿದ್ದ ಕಹ್ವಾ ತಣ್ಣಗಾಗಿತ್ತು. ಇನ್ನೊಮ್ಮೆ ಬಗ್ಗಿಸಲು ಹುಮೈದ್ ಹೂಜಿ ಎತ್ತಲಿಲ್ಲ, ಗೇಟಿನವರೆಗೂ ಬರಲಿಲ್ಲ.

ಭಾನುವಾರ ವ್ಯಾಲೆಂಟೈನ್ ಹದಿನಾಲ್ಕನೆಯ ಸಾಲು ತುಂಬಿಸಿದ. ಹೆಸರು, ದಿನ, ದಾಖಲೆಯ ಕಾಲಮ್ಮಿನಲ್ಲಿ 'ಇಲ್ಲ', ಕೊಟ್ಟ ಸ್ಥಳದ ಕಾಲಮ್ಮಿನಲ್ಲಿ 'ರಸ್ತೆ, ಕಾರಿನ ಕಿಟಕಿ'. ಷರಾ ಎಂಬ ಸಣ್ಣ ಚೌಕದಲ್ಲಿ ದಾರದ ವಿಷಯ ಹಿಡಿಸಲಿಲ್ಲ. ಬೇರೆ ಹಾಳೆಯಲ್ಲಿ ಒಂದೂವರೆ ಪುಟ ಬರೆದ. ಫೈಝಲ್ ಅದನ್ನು ಅರಬಿಗೆ ಮಾಡಿಸಿ, ಕೆಳಗೆ ಅಂಗಡಿಯ ಮೊಹರು ಒತ್ತಿದ. ಸೋಮವಾರ ಇಬ್ಬರೂ ಹೋಗಿ ಒಪ್ಪಿಸಿ ಬಂದರು. ಕೌಂಟರಿನ ಅಧಿಕಾರಿ ಓದಿ, ಮತ್ತೊಮ್ಮೆ ಓದಿ, ಮುಂದಿನ ಸೋಮವಾರ ಹೇಳಿಕೆಗೆ ಬನ್ನಿ ಎಂದ. ಅಲ್ಲಿಯವರೆಗೆ ಪ್ರಯಾಣ ಬೇಡ. ಟಿಕೆಟ್ ರದ್ದಾಯಿತು.

ಲೂರ್ದ್‌ಗೆ ಫೋನ್ ಮಾಡಿ ಹೇಳಿದ. ಆಕೆ ಅತ್ತಳು, ಸಿಟ್ಟಾದಳು, ಬಣ್ಣ ಹೊಡೆದ ಮನೆಯಲ್ಲಿ ನಾನೊಬ್ಬಳೇ ಗೋಡೆ ನೋಡ್ತಾ ಕೂರ್ಬೇಕಾ ಎಂದು ಕೇಳಿದಳು. ಕೊನೆಗೆ, "ಈಗ ನಿದ್ದೆ ಬರ್ತದಾ ನಿಮಗೆ?" ಎಂದಳು. "ನೋಡ್ಬೇಕು" ಎಂದ. ಆ ವಾರ ಅವನು ಅಬ್ರ ಕಟ್ಟೆಗೆ ದೇವಸ್ಥಾನದ ಗಲ್ಲಿಯಿಂದಲೇ ಹೋದ. ಬುಧವಾರ ಶುಕೂರನ ಅಂಗಡಿಯ ಒಳಗೆ ಬಂದು, ಸ್ಟೂಲಿನ ಮೇಲೆ ಕೂತು ಚಹಾ ಕುಡಿದ. ಕೆಂಪು ರೀಲುಗಳಿದ್ದ ಕಪಾಟಿನ ಕಡೆಗೆ ಬೆನ್ನು ಮಾಡಿ ಕೂತಿದ್ದ.

"ಈಗಲೂ ಆ ನಾಯ್ಮ ಕೇಳ್ತದಾ?" ಎಂದು ಶುಕೂರ್ ಕೇಳಿದ.

"ಕೇಳ್ತದೆ. ಆದ್ರೆ ಬಾಗಿಲಿನ ಆಚೆಯಿಂದ ಕೇಳಿದ ಹಾಗೆ."

ಗುರುವಾರ ಬೆಳಗ್ಗೆ ಅವನಿಗೆ ಎಡತೋಳು ನೋಯುತ್ತಿತ್ತು. ದಿಂಬು ಸರಿಯಿರಲಿಲ್ಲ ಎಂದು ಫೈಝಲನಿಗೆ ಹೇಳಿದನಂತೆ. ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಹೊರಗೆ ಹಾರ್ನ್ ಕೇಳಿಸಿತು. ದೊಡ್ಡ ಬಿಳಿ ಕಾರು. ರಿಪೇರಿಯಾದ ಬಂದೂಕೊಂದಕ್ಕೆ ಬಾಕಿಯಿದ್ದ ಪಿನ್ನು ಒಯ್ಯಲು ಬಂದಿದ್ದ ಹಳೆಯ ಗಿರಾಕಿ. ಹಾರ್ನ್ ಎರಡನೆಯ ಸಲವೂ ಕೇಳಿಸಿತು.

"ನೀವು ಕೂತ್ಕೊಳ್ಳಿ ಅಂಕಲ್, ನಾನು ಹೋಗ್ತೇನೆ" ಎಂದ ಫೈಝಲ್.

"ಬೇಡ. ನನ್ನದು."

ಬೆಣ್ಣೆಕಾಗದದ ಪೊಟ್ಟಣವನ್ನು ಮೇಜಿನ ಮೇಲೆಯೇ ಬಿಟ್ಟು, ಬರಿಗೈಯಲ್ಲಿ ಹೊರಗೆ ಹೋದ. ಕಾರಿನ ಕಿಟಕಿ ಇಳಿಯಿತು. ಎಂದಿನಂತೆ ಅಂಗೈ ಹೊರಗೆ ಬಂತು.

"ಇಳಿದು ಬನ್ನಿ ಅರ್ಬಾಬ್. ಬಂದೂಕು ತನ್ನಿ, ಲೈಸೆನ್ಸ್ ತನ್ನಿ. ಒಳಗೇ ಹಾಕಿಕೊಡ್ತೇನೆ."

"ಇಷ್ಟು ಬಿಸಿಲಲ್ಲಾ? ಇಪ್ಪತ್ತು ವರ್ಷದಿಂದ ನೀನೇ ತಂದು ಕೊಡ್ತಿದ್ದೆಯಲ್ಲ, ವ್ಯಾಲಿ!"

"ಹೌದು. ಇನ್ನು ಮುಂದೆ ಇಲ್ಲ."

ಗಿರಾಕಿ ಗೊಣಗುತ್ತಾ ಇಂಜಿನ್ ಆರಿಸಿ ಇಳಿದ, ಹಿಂದಿನ ಸೀಟಿನಿಂದ ಬಂದೂಕಿನ ಉದ್ದನೆಯ ಚೀಲ ಎತ್ತಿಕೊಂಡ. ವ್ಯಾಲೆಂಟೈನ್ ಅವನಿಗಿಂತ ಎರಡು ಹೆಜ್ಜೆ ಮುಂದೆ ನಡೆದು, ಅಂಗಡಿಯ ಭಾರದ ಗಾಜಿನ ಬಾಗಿಲನ್ನು ಎಳೆದು ತೆರೆದು, ಅದಕ್ಕೆ ಬೆನ್ನು ಕೊಟ್ಟು, ಆತ ಚೀಲದ ಸಮೇತ ಹೊಸ್ತಿಲು ದಾಟುವವರೆಗೂ ಬಾಗಿಲು ಬಿಡದೆ ನಿಂತ.